ಬಾಳೆನಾರಿನ ಇಸ್ಪೀಟು

ನಮ್ಮ ಮನೆಯಲ್ಲಿ ಇಸ್ಪೀಟು ಆಡುವುದು ಕೆಲಸವಾಗಿತ್ತು. ಹೀಗೆಂದರೆ ಮೊಮ್ಮಕ್ಕಳು ಅಜ್ಜಿಗೆ ಅರಳುಮರಳು ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಾರೆ. ನಗಲಿ ಬಿಡಿ. ಕಲಬುರಗಿಯ ಗಾಜಿಪುರ ಓಣಿಯ ಆ ಮನೆಯಲ್ಲಿ ನಾನು ಈಗಲೂ ಎಲ್ಲಿಯೂ ಎಡವದೆ ಓಡಾಡಬಲ್ಲೆ. ರಸ್ತೆಯ ಕಡೆಗೆ ಉದ್ದನೆಯ ಪಡಸಾಲೆ, ಅದರ ಹಿಂದೆ ನಡುಮನೆ, ನಡುಮನೆಯ ಎಡಕ್ಕೆ ಅಡುಗೆಮನೆ, ಬಲಕ್ಕೆ ದೇವರ ಕೋಣೆ, ಆಮೇಲೆ ಹಿತ್ತಲು. ಪಡಸಾಲೆಯೇ ಅಪ್ಪನ ಛಾಪಖಾನೆ. ಅಲ್ಲೊಂದು ಕಲ್ಲಚ್ಚಿನ ಯಂತ್ರವಿತ್ತು. ನುಣುಪಾದ ಕಲ್ಲಿನ ಮೇಲೆ ಚಿತ್ರ ಬರೆದು, ನೀರು ಸವರಿ, ಮಸಿ ಹಚ್ಚಿ, ಕಾಗದ ಇಟ್ಟು ಒತ್ತಿದರೆ ಒಂದೇ ಹಾಳೆಯಲ್ಲಿ ಹನ್ನೆರಡು ಜನ ರಾಜ, ರಾಣಿ, ಗುಲಾಮರು ಎದ್ದು ಬರುತ್ತಿದ್ದರು. ಅವರ ಬಟ್ಟೆಗೆ ಬಣ್ಣ ತುಂಬುವುದು ಮನೆಯ ಹೆಂಗಸರ ಪಾಲು. ನಡುಮನೆಯಲ್ಲಿ ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗದ ಮೇಲೆ ರಾಣಿಯರು ಒಣಗುತ್ತಿದ್ದರು, ಅವರ ಪಕ್ಕದಲ್ಲಿ ಅಪ್ಪನ ಧೋತರ. ಮಧ್ಯಾಹ್ನ ಹಿತ್ತಲಿನ ಗಾಳಿ ಬಂದರೆ ಎಲ್ಲವೂ ಒಟ್ಟಿಗೆ ಅಲ್ಲಾಡುವವು. ಕೆಳಗೆ ಚಾಪೆ ಹಾಸಿ ಮಲಗಿದ ನನಗೆ ನಿದ್ದೆ ಯಾವುದು ಎಚ್ಚರ ಯಾವುದು ಎಂದು ತಿಳಿಯುತ್ತಿರಲಿಲ್ಲ. ರಾಣಿಯರು ನನ್ನ ಮೇಲೆ ಬಾಗಿ ಏನೋ ಹೇಳಿ ಹೋದಂತೆ ಅನ್ನಿಸುವುದು. ಎದ್ದ ಮೇಲೆ ಅದು ನೆನಪಿಗೆ ಬರುತ್ತಿರಲಿಲ್ಲ.

ದಿನಾ ಮೂರು ಹೊತ್ತು ಲಿಂಗಪೂಜೆ ಮಾಡುವ ಮನೆಯಲ್ಲಿ ಇಂಥ ಉದ್ಯೋಗವೇ ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು. ನಮ್ಮ ಆಯಿ, ಎಂದರೆ ಅಪ್ಪನ ತಾಯಿ, ಅದಕ್ಕೊಂದು ಮೇರೆ ಹಾಕಿದ್ದಳು. ಇಸ್ಪೀಟಿನ ಎಲೆ ದೇವರ ಕೋಣೆಯ ಹೊಸ್ತಿಲು ದಾಟಬಾರದು, ಆಟಕ್ಕೆ ಹಣ ಇಡಬಾರದು. ಉಳಿದಂತೆ ಆಯಿಗಿಂತ ದೊಡ್ಡ ಆಟಗಾರ್ತಿ ನಮ್ಮ ಓಣಿಯಲ್ಲಿ ಇರಲಿಲ್ಲ. ಅಪ್ಪನ ಪದ್ಧತಿಯೂ ಅವಳಿಗೆ ಒಳ್ಳೆಯದೇ ಆಯಿತು. ಹೊಸ ಕಾಗದದ ಮೇಲೆ ಎಲೆ ಅಚ್ಚಾದರೆ ಮೊದಲನೆಯ ಕಟ್ಟು ಮಾರಾಟಕ್ಕೆ ಹೋಗದೆ ನಡುಮನೆಗೆ ಬರುತ್ತಿತ್ತು. ಹನ್ನೊಂದು ದಿನ ಮನೆಯವರು ಅದರಲ್ಲಿ ಆಡಬೇಕು. ಅಂಚು ಸುಲಿಯುತ್ತದೆಯೇ, ಅಂಟು ಬಿಡುತ್ತದೆಯೇ, ಬೆವರಿಗೆ ಬಣ್ಣ ಹತ್ತುತ್ತದೆಯೇ ಎಂದು ನೋಡಬೇಕು. ಇದಕ್ಕೆ ನಾವು ‘ಎಲೆ ಪಳಗಿಸುವುದು’ ಎನ್ನುತ್ತಿದ್ದೆವು. ಅವ್ವ ರೊಟ್ಟಿ ಬಡಿಯಲು ಕರೆದರೆ ಆಯಿ ಕುಳಿತಲ್ಲಿಂದಲೇ ಕೂಗುತ್ತಿದ್ದಳು:

“ಕೆಲಸದಾಗ ಇದ್ದೇನಿ, ಕಾಣಂಗಿಲ್ಲೇನು? ನಾ ಏನ್ ಆಟ ಆಡಾಕತ್ತೀನೇನು?”

ಅವಳಿಗೆ ಇಷ್ಟವಾದ ಆಟ ಗುಲಾಮ ಚೋರ. ನಾಲ್ವರು ಗುಲಾಮರಲ್ಲಿ ಒಬ್ಬನನ್ನು ತೆಗೆದಿಟ್ಟು ಉಳಿದ ಎಲೆಗಳನ್ನು ಹಂಚುತ್ತಾರೆ. ಜೋಡಿಯಾದವನ್ನು ಕೆಳಗೆ ಹಾಕುತ್ತ, ಒಬ್ಬರ ಕೈಯಿಂದ ಇನ್ನೊಬ್ಬರು ಬೆನ್ನು ನೋಡಿ ಒಂದೊಂದೇ ಎಲೆ ಎಳೆಯುತ್ತ ಹೋಗಬೇಕು. ಕೊನೆಗೆ ಜೋಡಿಯಿಲ್ಲದ ಗುಲಾಮ ಯಾರ ಕೈಯಲ್ಲಿ ಉಳಿಯುತ್ತಾನೋ ಅವರು ಸೋತಂತೆ. ಅವ್ವ ಒಂದು ಕಿವಿ ಅಡುಗೆಮನೆಯ ಕಡೆಗಿಟ್ಟು ಆಡಿ ಸೋಲುತ್ತಿದ್ದಳು. ನಾನು ಸುಮ್ಮನೆ ಆಡಿ ಸೋಲುತ್ತಿದ್ದೆ. ಸೋತು ಮುಖ ಊದಿಸಿದರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಆಯಿ ಗಲ್ಲ ಹಿಂಡುತ್ತಿದ್ದಳು. ನಾನು ನಡುವಿನವಳು. ಅಕ್ಕನಿಗೆ ಹಾಡುವ ಕಂಠವಿತ್ತು, ತಮ್ಮ ಗಂಡಾಗಿ ಹುಟ್ಟಿದ್ದ. ನನ್ನ ಬಗ್ಗೆ ಹೇಳಲು ಆಯಿಗೆ ಏನೂ ಇರಲಿಲ್ಲ. ಬಂದವರ ಮುಂದೆ ಅವಳು ಅಕ್ಕನನ್ನು ಹಾಡಿಸುತ್ತಿದ್ದಳು, ತಮ್ಮನನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದಳು, ನನ್ನ ಕಡೆ ಕೈ ಮಾಡಿ “ಇಕಿ ನೀಲಾ” ಎಂದು ಮುಗಿಸುತ್ತಿದ್ದಳು. ಆ ಎರಡು ಮಾತಿನ ನಂತರ ಮೂರನೆಯ ಮಾತೊಂದು ಬರಲಿ ಎಂದು ನಾನು ಎಷ್ಟು ಆಸೆಪಟ್ಟೆ ಎಂಬುದು ನನಗೊಬ್ಬಳಿಗೇ ಗೊತ್ತು.

ನಾನು ಒಂಬತ್ತರ ಹುಡುಗಿಯಾಗಿದ್ದಾಗ ದೂರದಲ್ಲೆಲ್ಲೋ ದೊಡ್ಡ ಲಡಾಯಿ ಹತ್ತಿತು. ನಿಜಾಮರ ರಾಜ್ಯದ ನಮ್ಮ ಮೂಲೆಗೆ ಅದು ಕಾಗದದ ರೂಪದಲ್ಲಿ ಬಂತು, ಅಂದರೆ ಕಾಗದ ಬರುವುದೇ ನಿಂತುಹೋಯಿತು. ಇಸ್ಪೀಟಿಗೆ ಎಲ್ಲ ಕಾಗದ ನಡೆಯುವುದಿಲ್ಲ. ಬೆಳಕಿಗೆ ಹಿಡಿದರೆ ಆಚೆಯ ಚಿತ್ರ ಈಚೆ ಕಾಣಬಾರದು, ಬಗ್ಗಿಸಿ ಬಿಟ್ಟರೆ ಮತ್ತೆ ನೆಟ್ಟಗಾಗಬೇಕು, ಕಲೆಸುವಾಗ ಒಂದರ ಮೇಲೊಂದು ಜಾರಬೇಕು. ಅಂಥ ಕಾಗದ ಹಡಗಿನಲ್ಲಿ ಮುಂಬೈಗೆ, ಅಲ್ಲಿಂದ ರೈಲಿನಲ್ಲಿ ಕಲಬುರಗಿಗೆ ಬರುತ್ತಿತ್ತು. ಅಪ್ಪ ದಿನಾ ಸ್ಟೇಶನ್ನಿಗೆ ಹೋಗಿ ಬರಿಗೈಯಲ್ಲಿ ಬರತೊಡಗಿದ. ಹೈದರಾಬಾದಿನಿಂದ ಲೆಕ್ಕದ ವಹಿಯ ಕಾಗದ ತರಿಸಿದ, ಅದು ಎರಡೇ ದಿನಕ್ಕೆ ಹಳೆಯ ಚಿಂದಿಯಂತೆ ಮೆತ್ತಗಾಯಿತು. ಕಚೇರಿಯ ಹಳೆಯ ರದ್ದಿ ತಂದು ಎರಡೆರಡು ಹಾಳೆ ಅಂಟಿಸಿ ನೋಡಿದ. ಎಲೆಯೇನೋ ಗಟ್ಟಿಯಾಯಿತು, ಆದರೆ ಬಿಸಿಲಿಗೆ ಹಿಡಿದರೆ ಆಟೀನು ರಾಣಿಯ ಹೊಟ್ಟೆಯೊಳಗೆ ಯಾರದೋ ಹೊಲದ ತಕರಾರು ಉರ್ದುವಿನಲ್ಲಿ ಓದಲು ಬರುತ್ತಿತ್ತು. ನಾವು ಬಿದ್ದು ಬಿದ್ದು ನಕ್ಕೆವು, ಅಪ್ಪ ನಗಲಿಲ್ಲ. ಎಲ್ಲಿಂದ ಯಾವ ಹಾಳೆ ತಂದರೂ ಮೊದಲು ಸೂರ್ಯನಿಗೆ ಹಿಡಿಯುತ್ತಿದ್ದ, ಆಮೇಲೆ ಬಗ್ಗಿಸುತ್ತಿದ್ದ, ಆಮೇಲೆ ಕಿವಿಯ ಹತ್ತಿರ ಅಲ್ಲಾಡಿಸಿ ಕಣ್ಣು ಮುಚ್ಚಿ ಕೇಳುತ್ತಿದ್ದ. ಒಳ್ಳೆಯ ಕಾಗದ ದನಿ ಮಾಡುತ್ತದೆ ಎಂಬುದು ಅವನ ನಂಬಿಕೆ. ಆ ವರ್ಷ ಯಾವ ಕಾಗದವೂ ಅವನೊಂದಿಗೆ ಮಾತಾಡಲಿಲ್ಲ.

ಅದೇ ಹೊತ್ತಿಗೆ ಹೈದರಾಬಾದಿನ ಒಂದು ದೊಡ್ಡ ಮನೆತನದ ಮುನಶಿ ಸಾಹೇಬರು ಬಂದರು. ಮುಂದಿನ ಮಳೆಗಾಲ ಕಳೆದ ಮೇಲೆ ಅವರ ಮನೆಯಲ್ಲಿ ಮದುವೆ, ನೆಂಟರಿಗೆಲ್ಲ ಒಂದೊಂದು ಕಟ್ಟು ಇಸ್ಪೀಟು ಬೇಕು. ಎಲೆಯ ಬೆನ್ನು ಖಾಲಿ ಇರಬೇಕು, ನಡುವೆ ಒಂದೇ ಒಂದು ಸಣ್ಣ ಹೂವು. ಅಪ್ಪ ಒಪ್ಪಿಕೊಂಡುಬಿಟ್ಟ. ಆಮೇಲೆ ತಲೆಯ ಮೇಲೆ ಕೈ ಹೊತ್ತು ಕುಳಿತ. ಕಲ್ಲಚ್ಚು ಒತ್ತುತ್ತಿದ್ದ ಖಾಸೀಂ ಚಾಚಾ ಕೈ ಒರೆಸಿಕೊಳ್ಳುತ್ತ ಹೊಸ್ತಿಲಿಗೆ ಬಂದು ನಿಂತರು. ಅಪ್ಪನಿಗಿಂತ ಹಿರಿಯರು, ಕಡಿಮೆ ಮಾತಿನವರು. ಅವರ ಅಜ್ಜಂದಿರು ದೌಲತಾಬಾದಿನ ಕಡೆ ಕೈಯಿಂದ ಕಾಗದ ಮಾಡುತ್ತಿದ್ದವರು. ಯಂತ್ರದ ಕಾಗದ ಬಂದ ಮೇಲೆ ಕಾಗದ ತೆಗೆಯುವ ತೊಟ್ಟಿ ಒಣಗಿ, ಮನೆಗಳು ಚದುರಿಹೋಗಿದ್ದವು.

“ಮಾಲಕ್, ನಮ್ಮ ದಾದಾ ಸಣಬು, ಹಳೀ ಹಗ್ಗ ಕುಟ್ಟಿ ಕಾಗದ ತಗೀತಿದ್ರು. ನಾರು ಛಲೋ ಇದ್ರ ನಾ ಮಾಡ್ತೇನ್ರಿ. ಕೈಗಿ ಇನ್ನಾ ನೆನಪದ.”

“ಈಗ ಸಣಬು ಎಲ್ಲಿ ಸಿಗ್ತದ ಚಾಚಾ? ಅದೂ ಲಡಾಯಿಗೇ ಹೋಗಾಕತ್ತದ,” ಎಂದ ಅಪ್ಪ.

ಅಡುಗೆಮನೆಯಿಂದ ಅವ್ವನ ದನಿ ಬಂತು. ಅವಳ ತವರು ಕಮಲಾಪುರ. ಅಲ್ಲಿ ಅವಳ ಅಣ್ಣ ಗುರುಲಿಂಗ ಮಾವನಿಗೆ ಕೆಂಪು ಬಾಳೆಯ ತೋಟವಿತ್ತು.

“ಗೊನಿ ಕಡಿದ ಮ್ಯಾಲೆ ದಿಂಡು ಸುಮ್ನ ಕೊಳೀತಾವ. ಅದರ ನಾರಿನಾಗ ಹೂ ಕಟ್ತೀವಿ, ಹರಿಯಂಗಿಲ್ಲ. ಅದು ನಡೆಯಂಗಿಲ್ಲೇನ್ರಿ?”

ಅಪ್ಪ ಕೇಳದವನಂತೆ ಕುಳಿತ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಹೆಂಡತಿಯ ತವರಿಗೂ ಸಲ್ಲುತ್ತದೆ. ಅವ್ವ ಬಾಗಿಲಿಗೆ ಬಂದಳು.

“ಮುಂಬೈದಾಗ ಸಿಗಲಾರದ್ದು ನಮ್ಮ ತವರಾಗ ಸಿಕ್ರ ನಿಮ್ಮ ಮಾನ ಹೋಗ್ತದೇನ್ರಿ?”

ಚಾಚಾ ಗಡ್ಡದೊಳಗೇ ನಕ್ಕರು. ಮರುವಾರ ನಾವೆಲ್ಲ ಗಾಡಿ ಕಟ್ಟಿಸಿಕೊಂಡು ಕಮಲಾಪುರಕ್ಕೆ ಹೊರಟೆವು. ಆಯಿ ಮಾತ್ರ ತಮ್ಮನನ್ನು ಹತ್ತಿರ ಇಟ್ಟುಕೊಂಡು ಮನೆಯಲ್ಲೇ ಉಳಿದಳು.

ಆ ಬೇಸಿಗೆಯನ್ನು ನೆನೆದರೆ ಮೊದಲು ಬಣ್ಣವೇ ಬರುತ್ತದೆ, ಮಾತು ಆಮೇಲೆ. ಕಮಲಾಪುರದ ಬಾಳೆಗೆ ಹಣ್ಣಿನಲ್ಲಷ್ಟೇ ಅಲ್ಲ, ದಿಂಡಿನಲ್ಲೂ ಒಂದು ಕೆಂಪು ನೆರಳು. ಸಾಲುಗಳ ನಡುವೆ ಬಿಸಿಲು ಎಲೆಗಳಲ್ಲಿ ಸೋಸಿ ಹಸಿರಾಗಿ ಇಳಿಯುತ್ತಿತ್ತು, ಅದರೊಳಗೆ ನಡೆಯುವ ಚಾಚಾರ ಗಡ್ಡವೂ ಹಸಿರು, ಅವ್ವನ ಕೈಬಳೆಯೂ ಹಸಿರು. ತವರಿಗೆ ಬಂದ ಅವ್ವ ಬೇರೆಯೇ ಆಗಿಬಿಟ್ಟಿದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ ಕಾಲುವೆ ಜಿಗಿಯುತ್ತಿದ್ದಳು. ಗುರುಲಿಂಗ ಮಾವನಿಗೆ ಮೊದಮೊದಲು ಇದೆಲ್ಲ ತಮಾಷೆ.

“ಬಾಳಿ ತಿಂದ್ರ ಹೊಟ್ಟಿ ತುಂಬ್ತದ. ಕಾಗದ ಮಾಡಿ ಆಡಿದ್ರ ಏನ್ ತುಂಬ್ತದೋ ಭಾವಾ?” ಎಂದು ಅಪ್ಪನನ್ನು ಕೆಣಕುತ್ತಿದ್ದ. ಆದರೂ ದಿಂಡು ಕಡಿಸಿ ರಾಶಿ ಹಾಕಿದವನು ಅವನೇ.

ದಿಂಡನ್ನು ಸೀಳಿ ಸುಣ್ಣದ ನೀರಿನಲ್ಲಿ ನೆನೆಹಾಕಿದರು. ಹಲವು ದಿನ ಹುಳಿನಾತ, ಆಮೇಲೆ ಅದೇ ನಾತ ನಮಗೆ ಹಿತವಾಯಿತು. ಒನಕೆಯಿಂದ ಕುಟ್ಟಿ, ಬಾವಿಯ ಕಾಲುವೆಯಲ್ಲಿ ತೊಳೆದು, ಮತ್ತೆ ಕುಟ್ಟಿ, ಕೊನೆಗೆ ಅದು ಅಂಬಲಿಯಂತೆ ಆದಾಗ ನೆಲದಲ್ಲಿ ತೋಡಿದ ತೊಟ್ಟಿಗೆ ಸುರಿದರು. ಚಾಚಾ ಮೊಣಕಾಲೂರಿ, ಸಣ್ಣ ಕಡ್ಡಿಗಳ ಜಾಲರಿಯನ್ನು ಆ ನೀರಿನಲ್ಲಿ ಮುಳುಗಿಸಿ ಎತ್ತಿದರು. ನೀರು ಸೋರಿಹೋಯಿತು. ಜಾಲರಿಯ ಮೇಲೆ ಏನೂ ಇಲ್ಲ ಎಂದುಕೊಂಡೆ. ಅವರು ಅದನ್ನು ಬಟ್ಟೆಯ ಮೇಲೆ ಬೋರಲು ಹಾಕಿ ಎತ್ತಿದಾಗ ಕೆನೆಯಂಥ ಒಂದು ಹಾಳೆ ಮಲಗಿತ್ತು. ಚಾಚಾ ಬಹಳ ಹೊತ್ತು ಅದನ್ನು ನೋಡುತ್ತ ಕುಳಿತರು.

“ಬೇಟಿ, ನಮ್ಮ ದಾದಾ ಸತ್ತು ಎಷ್ಟೋ ವರ್ಷ ಆತು. ಇವತ್ತ ನನ್ನ ಕೈಯಾಗ ಬಂದು ಹೋದ್ರು ನೋಡು.”

ಅವರ ಕಣ್ಣಿನಲ್ಲಿ ನೀರಿತ್ತು. ದೊಡ್ಡವರು, ಅದೂ ಗಂಡಸರು, ಸಂತೋಷಕ್ಕೂ ಅಳುತ್ತಾರೆ ಎಂದು ಅಂದೇ ನನಗೆ ಗೊತ್ತಾದದ್ದು.

ಒದ್ದೆ ಹಾಳೆಗಳನ್ನು ಮಾವನ ಮನೆಯ ಸುಣ್ಣದ ಗೋಡೆಗೆ ಮೆತ್ತಿ ಒಣಗಿಸಿದೆವು. ಒಣಗಿದ್ದನ್ನು ಗಂಜಿಯಲ್ಲಿ ಅದ್ದಿ, ಮತ್ತೆ ಒಣಗಿಸಿ, ಹಲಗೆಯ ಮೇಲಿಟ್ಟು ನುಣುಪು ಕಲ್ಲಿನಿಂದ ತಿಕ್ಕಬೇಕು. ಆ ತಿಕ್ಕುವ ಕೆಲಸ ನನ್ನದಾಯಿತು. ಮಧ್ಯಾಹ್ನವೆಲ್ಲ ತೋಟದ ನೆರಳಿನಲ್ಲಿ ಕುಳಿತು, ಮೂಗು ಹಾಳೆಗೆ ತಾಗುವಷ್ಟು ಬಗ್ಗಿ ತಿಕ್ಕುತ್ತಿದ್ದೆ. ಎಷ್ಟು ಕುಟ್ಟಿದರೂ ಕೆಲವು ನಾರು ಕರಗಿರಲಿಲ್ಲ. ಕೂದಲಿನಂಥ ಸಣ್ಣ ಕೆಂಪು ಎಳೆಗಳು ಹಾಳೆಯ ತುಂಬ ಅಲ್ಲಲ್ಲಿ ತೇಲುತ್ತಿದ್ದವು. ಒಂದು ಕಡೆ ಕೊಕ್ಕರೆ ನಿಂತಂತೆ, ಒಂದು ಕಡೆ ಯಾರೋ ಬೆನ್ನು ತಿರುಗಿಸಿ ನಡೆದಂತೆ, ಇನ್ನೊಂದು ಕಡೆ ಬರೀ ಒಂದು ಗಂಟು. ಕಲ್ಲು ಜಾರುವ ಶಬ್ದದಲ್ಲಿ, ಬಾಳೆಯೆಲೆಗಳ ಸಪ್ಪಳದಲ್ಲಿ, ನಾನು ಆ ಎಳೆಗಳ ಬೆನ್ನು ಹತ್ತಿ ಎಲ್ಲೆಲ್ಲೋ ಹೋಗಿಬಿಡುತ್ತಿದ್ದೆ. ಆ ಎಳೆಗಳು ಚೆಂದವೆಂದು ಎಲ್ಲರೂ ಹೇಳಿದರು. ಮುನಶಿ ಸಾಹೇಬರಿಗೆ ಕಳಿಸಿದ ಮಾದರಿ ಹಾಳೆಯೂ ಆ ಎಳೆಗಳಿಂದಲೇ ಅವರ ಧಣಿಗಳಿಗೆ ಹಿಡಿಸಿತಂತೆ. ಅಪ್ಪ ಹಾಳೆಯನ್ನು ಸೂರ್ಯನಿಗೆ ಹಿಡಿದ, ಬಗ್ಗಿಸಿದ, ಕಿವಿಯ ಹತ್ತಿರ ಅಲ್ಲಾಡಿಸಿದ. ಕಣ್ಣು ತೆರೆದಾಗ ಅವನ ಮುಖ ಮದುಮಗನ ಮುಖದಂತಿತ್ತು.

ಮಳೆಗೆ ಮುಂಚೆ ಹಾಳೆಗಳನ್ನೆಲ್ಲ ಕಲಬುರಗಿಗೆ ತಂದೆವು. ಹುಣಸೆಬೀಜದ ಅಂಟಿಗೆ ದೀಪದ ಕಾಡಿಗೆ ಕಲೆಸಿ, ಎರಡು ಹಾಳೆಗಳ ನಡುವೆ ಸವರಿ ಅಂಟಿಸಿದೆವು. ಇದರಿಂದ ಬೆಳಕು ತೂರುತ್ತಿರಲಿಲ್ಲ. ಅಚ್ಚಾಯಿತು, ಬಣ್ಣವಾಯಿತು, ಕತ್ತರಿಸಿಯಾಯಿತು. ಮೊದಲನೆಯ ಕಟ್ಟು ನಡುಮನೆಗೆ ಬಂತು. ಆಯಿ ಎಲೆಗಳನ್ನು ಕಲೆಸಿ, “ಏನ್ ಜಾರ್ತಾವ ಬಸಿದ ತುಪ್ಪ ಜಾರಿದಂಗ!” ಎಂದಳು. ಗುಲಾಮ ಚೋರ ಶುರುವಾಯಿತು.

ಎರಡನೆಯ ದಿನವೋ ಮೂರನೆಯ ದಿನವೋ ನೆನಪಿಲ್ಲ. ಆಯಿಯ ಕೈಯಿಂದ ಎಲೆ ಎಳೆಯಲು ಕೈ ಚಾಚಿದೆ. ಒಂದು ಎಲೆಯ ಬೆನ್ನಿನ ಮೂಲೆಯಲ್ಲಿ ನನ್ನ ಕೊಕ್ಕರೆ ನಿಂತಿತ್ತು. ಅದೇ ಬೆನ್ನನ್ನು ನಾನು ಹಿಂದಿನ ಆಟದಲ್ಲಿ ನೋಡಿದ್ದೆ, ಮುಂದೆ ತಿರುಗಿಸಿದಾಗ ಇಸ್ಪೀಟು ಗುಲಾಮ ಇದ್ದ. ಕೈ ತಾನಾಗಿಯೇ ಪಕ್ಕಕ್ಕೆ ಸರಿದು ಬೇರೆ ಎಲೆ ಎಳೆಯಿತು. ನಾನು ಗೆದ್ದೆ. ಆಮೇಲೆ ಬೇಕೆಂದೇ ನೋಡತೊಡಗಿದೆ. ಒಂದೊಂದು ಎಲೆಗೂ ಒಂದೊಂದು ಬೆನ್ನು. ಐದು ದಿನದೊಳಗೆ ಐವತ್ತೆರಡೂ ನನಗೆ ಓಣಿಯ ಜನರಂತೆ ಪರಿಚಯವಾದವು. ಅಪ್ಪ ಅಂಚು ನೋಡುತ್ತಿದ್ದ, ಚಾಚಾ ಅಂಟು ನೋಡುತ್ತಿದ್ದರು, ಆಯಿ ಚಿತ್ರ ನೋಡುತ್ತಿದ್ದಳು. ಬೆನ್ನು ನೋಡುವವಳು ನಾನೊಬ್ಬಳೇ. ಬೇಸಿಗೆಯೆಲ್ಲ ಮೂಗು ಊರಿ ನೋಡಿದ ಕಣ್ಣು ಅದು, ನೋಡಬೇಡ ಎಂದರೆ ಕೇಳುತ್ತಿರಲಿಲ್ಲ.

ಗೆದ್ದೆ, ಮತ್ತೆ ಗೆದ್ದೆ. ಆಯಿ ಮೊದಲು ಹುಬ್ಬೇರಿಸಿದಳು, ಆಮೇಲೆ ಬೆರಗಾದಳು, ಆಮೇಲೆ ನನ್ನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು.

“ನೋಡ್ರೇ, ಇಕಿ ಕೈಗುಣ ನೋಡ್ರಿ! ಇಷ್ಟ ದಿನ ನಮ್ಮ ಕಣ್ಣಿಗೇ ಬಿದ್ದಿಲ್ಲ. ನಮ್ಮ ನೀಲಾನ ಕೈಯಾಗ ಲಕ್ಷ್ಮಿ ಕುಂತಾಳ!”

ಮೂರನೆಯ ಮಾತು ಬಂದಿತ್ತು. ಅಂದಿನಿಂದ ನಾನು ಬೇರೆಯೇ ಹುಡುಗಿ. ಸಿಹಿಗೆಂದು ಮಾದಲಿ ಮಾಡಿದರೆ ಮೊದಲ ಮುಷ್ಟಿ ನನಗೆ. ಆಯಿ ತಾನೇ ಕುಳಿತು ನನ್ನ ತಲೆಗೆ ಎಣ್ಣೆ ಹಚ್ಚಿ ಹೆರಳು ಹಾಕುತ್ತಿದ್ದಳು. ಮನೆಗೆ ಬಂದವರ ಮುಂದೆ ನನ್ನನ್ನು ಕರೆದು ಕೈ ತೋರಿಸುತ್ತಿದ್ದಳು. ಅವಳ ಮಗ್ಗುಲಲ್ಲಿ ಮಲಗಿ, ವಿಭೂತಿ ಮತ್ತು ಕರ್ಪೂರದ ಅವಳ ವಾಸನೆಯಲ್ಲಿ ಮುಳುಗಿ, ಇದು ಹೀಗೇ ಇರಲಿ ಎಂದುಕೊಳ್ಳುತ್ತಿದ್ದೆ. ಆದರೆ ಬೆನ್ನು ಗುರುತು ಸಿಗುವ ಎಲೆ ಇಸ್ಪೀಟಿಗೆ ನಾಲಾಯಕ್ಕು ಎಂಬುದು ಆ ಮನೆಯಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಹೇಳಿದರೆ ಮಾವನ ತೋಟದ ದಿಂಡು, ಚಾಚಾರ ಕಣ್ಣೀರು, ಅಪ್ಪನ ಮದುಮಗನ ಮುಖ, ಎಲ್ಲ ನೀರುಪಾಲು. ಅದಕ್ಕಿಂತ ಹೆಚ್ಚಾಗಿ, ನಿಜ ಹೇಳುತ್ತೇನೆ, ನನಗೆ ಆಯಿಯ ಭಯ. ಕೈಗುಣ ಸುಳ್ಳೆಂದು ತಿಳಿದರೆ ನಾನು ಮತ್ತೆ ಬರೀ “ಇಕಿ ನೀಲಾ” ಆಗುತ್ತೇನೆ. ಹೀಗಾಗಿ ಹನ್ನೊಂದು ದಿನ ಮುಗಿಯುವವರೆಗೂ ಬಾಯಿ ಬಿಡಲಿಲ್ಲ.

ಹನ್ನೆರಡನೆಯ ದಿನ ಮುನಶಿ ಸಾಹೇಬರು ಕಟ್ಟು ನೋಡಲು ಬಂದರು. ಬಿಳಿಯ ಅಂಗರಖಾ ತೊಟ್ಟ ಸಣಕಲು ಮುದುಕರು, ಎಲೆಯನ್ನು ಹೂವಿನಂತೆ ಎರಡು ಬೆರಳಲ್ಲಿ ಹಿಡಿದು ತಿರುಗಿಸಿದರು. “ವಾಹ್ ಶರಣಪ್ಪಾ ಸಾಹೇಬ್,” ಎಂದರು. ಅಪ್ಪ ಕೈಮುಗಿದು ನಿಂತಿದ್ದ. ಒಳಗಿನ ಪರದೆಯ ಹಿಂದಿನಿಂದ ಆಯಿಗೆ ಸುಮ್ಮನಿರಲಾಗಲಿಲ್ಲ.

“ನಮ್ಮ ಮೊಮ್ಮಗಳ ಕೂಡ ಒಂದ ಆಟ ಆಡಿ ನೋಡ್ರಿ ಸಾಹೇಬ್ರ. ಸೋಲಲಿಲ್ಲ ಅಂದ್ರ ನನ್ನ ಹೆಸರ ಬ್ಯಾರೆ ಇಡ್ರಿ.”

ಅವರು ನಗುತ್ತ ಜಮಖಾನೆಯ ಮೇಲೆ ಕುಳಿತರು. ಎರಡು ಆಟ ಆಡಿದೆವು, ಎರಡೂ ಗೆದ್ದೆ. ಪರದೆಯ ಹಿಂದೆ ಆಯಿಯ ಬಳೆ ಸದ್ದು ಮಾಡಿತು. ಮೂರನೆಯದಕ್ಕೆ ಎಲೆ ಜೋಡಿಸಿ ಹಿಡಿಯುತ್ತ ಮುನಶಿ ಸಾಹೇಬರು ಸುಮ್ಮನೆ ಮಾತಿಗೆಂದು ಹೇಳಿದರು:

“ನಮ್ಮ ಧಣ್ಯಾರ ಮನಿಯಾಗ ಇಬ್ರು ಅಣ್ಣತಮ್ಮರು ಇದ್ದಾರ, ಬೇಟಿ. ಹ್ವಾದ ವರ್ಷ ಆಟದಾಗ ಒಬ್ರ ಮ್ಯಾಲೆ ಒಬ್ರಿಗಿ ಶಕ್ ಬಂತು. ಇಸ್ಪೀಟ್ ಪತ್ತಾಕ್ಕ ಗುರುತು ಮಾಡ್ಯಾನ ಅಂತ. ಆವತ್ತಿಂದ ಮಾತಿಲ್ಲ, ಕತಿಯಿಲ್ಲ. ಈ ಶಾದಿಯಾಗ ಮತ್ತ ಒಂದ ಕಡಿ ಕೂಡ್ತಾರ. ಅದಕ್ಕ ಅವರ ಅಮ್ಮಾ ಹೇಳ್ಯಾರ, ಪತ್ತಾ ಕಲಬುರಗಿ ಶರಣಪ್ಪನ ಕಡಿಂದನ ಬರಬೇಕು, ಅವ ಸಾಫ್ ಮನುಷ್ಯಾ ಅಂತ. ಹಾಂ, ಎಳಿ ಈಗ.”

ಅವರ ಕೈಯಲ್ಲಿ ಆರು ಬೆನ್ನುಗಳು ನನ್ನ ಕಡೆ ಮುಖ ಮಾಡಿದ್ದವು. ನನ್ನ ಕೈ ಚಾಚಿತು, ಅಲ್ಲೇ ನಿಂತಿತು.

“ಸಾಹೇಬ್ರ, ನಿಮ್ಮ ಕೈಯಾಗಿನ ಮೊದಲನೇದು ಕಳಾವರ ಏಳು. ಎರಡನೇದು ಆಟೀನು ರಾಜಾ. ಮೂರನೇದು ಗುಲಾಮ...”

ಅಪ್ಪ ಮೊದಲು ನಕ್ಕ, ಹುಡುಗಿ ತಮಾಷೆ ಮಾಡುತ್ತಿದ್ದಾಳೆ ಎಂದು. ಆರನ್ನೂ ಹೇಳಿ ಮುಗಿಸುವಷ್ಟರಲ್ಲಿ ಅವನ ನಗು ನಿಂತಿತ್ತು. ಮುನಶಿ ಸಾಹೇಬರು ಎಲೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ನಾನು ಬೆರಳಿಟ್ಟು ಎಳೆ ತೋರಿಸಿದೆ. ಅವರು ನೀರು ಕೇಳಿ ಕುಡಿದರು, ನನ್ನ ತಲೆಯ ಮೇಲೆ ಒಂದು ಗಳಿಗೆ ಕೈಯಿಟ್ಟರು, ಚಪ್ಪಲಿ ಮೆಟ್ಟಿ ಹೋದರು. ಅಪ್ಪ ಹೊಡೆಯುತ್ತಾನೆ ಎಂದು ಕಣ್ಣು ಮುಚ್ಚಿದೆ. ಅವನು ಎದುರಿಗೆ ಕುಳಿತು ಇಡೀ ಕಟ್ಟನ್ನು ಬೋರಲು ಹರಡಿ “ಹೇಳು” ಎಂದ. ಐವತ್ತೆರಡನ್ನೂ ಹೇಳಿಸಿದ. ಪ್ರತಿಯೊಂದರ ಎಳೆಯನ್ನು ತಾನೂ ಬಗ್ಗಿ ನೋಡಿದ. ಸಂಜೆಯ ದೀಪ ಹಚ್ಚುವ ಹೊತ್ತಿಗೆ ಮುಗಿಯಿತು.

“ಬಿಸಿಲಿಗಿ ಹಿಡಿದು ನೋಡ್ದೆ, ಕಿವಿಗಿ ಹಿಡಿದು ಕೇಳ್ದೆ. ಸುಮ್ನ ಕಣ್ಣು ತೆರೆದು ನೋಡ್ಲೇ ಇಲ್ಲಲ್ಲವ್ವಾ. ಇನ್ನ ಮ್ಯಾಲೆ ಯಾವ ಕಾಗದ ಬಂದ್ರೂ ಮೊದಲು ನೀ ನೋಡು,” ಎಂದ.

ಚಾಚಾ ಉಳಿದ ಹಾಳೆಗಳನ್ನು ತಾವೇ ಒಂದೊಂದಾಗಿ ಜೋಡಿಸಿ ಕಟ್ಟಿದರು. ನಾನು ಅಳುತ್ತ ಅವರ ಹತ್ತಿರ ಹೋದೆ.

“ಅಳಬ್ಯಾಡ ಬೇಟಿ. ಕಾಗದ ಖೋಟಾ ಅಲ್ಲ. ಇದು ಬರಿಯೋ ಕಾಗದ, ಆಡೋ ಕಾಗದ ಅಲ್ಲ. ನಾವು ತಪ್ಪು ಮನಿಗಿ ಮದುವಿ ಮಾಡಿ ಕೊಟ್ಟಿದ್ವಿ, ಅಷ್ಟೇ.”

ಅಪ್ಪ ಬೆನ್ನಿನ ತುಂಬ ಬಳ್ಳಿಯ ಚಿತ್ತಾರ ಅಚ್ಚು ಹಾಕಿ ಎಳೆಗಳನ್ನು ಮುಚ್ಚಿ ಇನ್ನೊಂದು ಮಾದರಿ ಕಳಿಸಿದ. ಧಣಿಗಳಿಗೆ ಖಾಲಿ ಬೆನ್ನೇ ಬೇಕೆಂದು ಉತ್ತರ ಬಂತು. ಮದುವೆ ಯಾವ ಇಸ್ಪೀಟಿನಲ್ಲಿ ಕಳೆಯಿತೋ, ಆ ಅಣ್ಣತಮ್ಮಂದಿರು ಮಾತಾಡಿದರೋ ಇಲ್ಲವೋ, ನಮಗೆ ತಿಳಿಯಲಿಲ್ಲ. ಕಮಲಾಪುರದ ಹಾಳೆಗಳಲ್ಲಿ ಊರವರು ಎಷ್ಟೋ ದಿನ ಕಾಗದಪತ್ರ ಬರೆದರು. ಬಳ್ಳಿಯ ಬೆನ್ನಿನ ಎಲೆಗಳು ಸಂತೆಯಲ್ಲಿ ತಕ್ಕಮಟ್ಟಿಗೆ ಮಾರಾಟವಾದವು. ಅಪ್ಪ ಚೇತರಿಸಿಕೊಂಡ.

ಆಯಿ ಚೇತರಿಸಿಕೊಳ್ಳಲಿಲ್ಲ. ಅಂದು ಸಂಜೆ ಪರದೆ ಸರಿಸಿ ಹೊರಬಂದವಳು ನನ್ನ ಮುಂದೆ ನಿಂತು ಕೇಳಿದ್ದಳು:

“ಹನ್ನೊಂದು ದಿನ ನನ್ನ ಕೂಡ ಹಿಂಗ ಆಡ್ದೇನು?”

ನಾನು ಹೌದೆಂದು ತಲೆಯಾಡಿಸಿದೆ.

“ನಿನ್ನ ಕೈ ನಾ ಕಣ್ಣಿಗಿ ಒತ್ಕೊಂಡಿದ್ದೆ. ಆಗಾದ್ರೂ ಹೇಳಬಾರದಾ?”

ಆಮೇಲೆ ಅವಳು ನನ್ನೊಂದಿಗೆ ಆಡಲಿಲ್ಲ. ಮಾತೂ ಕಡಿಮೆಯಾಯಿತು. ಹೆರಳು ಅವ್ವನ ಪಾಲಿಗೆ ಬಂತು, ಹಾಸಿಗೆ ಅಕ್ಕನ ಮಗ್ಗುಲಿಗೆ ಹೋಯಿತು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ದಸರೆ ಬಂತು, ದೀಪಾವಳಿ ಹೋಯಿತು, ಅವಳು ನನ್ನನ್ನು ದಾಟಿ ನೋಡುತ್ತಿದ್ದಳು. ಮುನಿದಿದ್ದಾಳೆ ಎಂದೇ ನಾನು ತಿಳಿದಿದ್ದೆ. ಒಂದು ದಿನ ಹೊಸ್ತಿಲು ಎಡವಿದಳು, ಇನ್ನೊಂದು ದಿನ ತಮ್ಮನನ್ನು ನನ್ನ ಹೆಸರಿನಿಂದ ಕರೆದಳು. ಆಗ ಅವ್ವ ಹೇಳಿದಳು, ಆಯಿಯ ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದು. ನನ್ನನ್ನು ದಾಟಿ ನೋಡುತ್ತಿದ್ದ ಆ ಕಣ್ಣುಗಳಲ್ಲಿ ಮುನಿಸು ಎಷ್ಟಿತ್ತು, ಮಂಜು ಎಷ್ಟಿತ್ತು, ನಾನು ಇವತ್ತಿಗೂ ಬೇರೆ ಮಾಡಲಾರೆ.

ಚಳಿಗಾಲದ ಒಂದು ಮಧ್ಯಾಹ್ನ ಮನೆಯಲ್ಲಿ ಎಲ್ಲರೂ ಮಲಗಿದ್ದರು. ಆಯಿ ಕಂಬಕ್ಕೊರಗಿ ಕುಳಿತು ಬರಿಗೈಯಲ್ಲಿ ಎಲೆ ಕಲೆಸುವಂತೆ ಬೆರಳಾಡಿಸುತ್ತಿದ್ದಳು. ನನಗೆ ತಡೆ­ಯಲಾಗಲಿಲ್ಲ. ಆ ಹಾಳಾದ ಕಟ್ಟನ್ನೇ, ಮಾರಾಟಕ್ಕೆ ಬಾರದ ಆ ಒಂದೇ ಕಟ್ಟನ್ನು ತಂದು ಅವಳ ಮುಂದೆ ಇಟ್ಟೆ. ಮುಟ್ಟಿ ನೋಡಿದಳು. ಯಾವುದೆಂದು ಅವಳ ಬೆರಳಿಗೆ ತಿಳಿಯಿತು.

“ನನಗ ಚಿತ್ರ ಕಾಣಂಗಿಲ್ಲ.”

“ನಾ ಹೇಳ್ತೇನಿ ಆಯಿ. ನಿನ್ನ ಕೈಯಾಗ ಏನೈತಿ ಅಂತ ಬೆನ್ನು ನೋಡಿ ಹೇಳ್ತೇನಿ. ಖರೇನ ಹೇಳ್ತೇನಿ.”

ಅವಳು ಕಟ್ಟನ್ನು ಎತ್ತಿ ಒಮ್ಮೆ ಕಲೆಸಿ ನನ್ನ ಕೈಗೆ ಕೊಟ್ಟಳು. ಆಮೇಲೆ ಹಂಚು ಎಂದು ಕೈಸನ್ನೆ ಮಾಡಿದಳು. ಅವಳ ಎಲೆಗಳನ್ನು ನಾನು ಹೆಸರಿಟ್ಟು ಕರೆದೆ, ಅವಳು ಜೋಡಿ ಹಾಕಿದಳು. ನನ್ನ ಕೈಯಿಂದ ಎಳೆದದ್ದನ್ನೂ ಹೇಳಿದೆ. ಕೊನೆಗೆ ನನ್ನ ಕೈಯಲ್ಲಿ ಒಂದು, ಅವಳ ಕೈಯಲ್ಲಿ ಎರಡು ಉಳಿದವು. ಎರಡರಲ್ಲಿ ಒಬ್ಬ ಗುಲಾಮ. ಎಳೆಯುವ ಸರದಿ ನನ್ನದು. ಆಯಿ ಎರಡನ್ನೂ ಬೆನ್ನ ಹಿಂದೆ ಒಯ್ದು ಅದಲು ಬದಲು ಮಾಡಿ ಮುಂದೆ ಹಿಡಿದಳು.

“ಕಣ್ಣು ಮುಚ್ಚು,” ಎಂದಳು. “ಈಗ ನಾವಿಬ್ರೂ ಸರಿ.”

ಗಟ್ಟಿಯಾಗಿ ಮುಚ್ಚಿ, ಕೈ ಚಾಚಿ ಎಳೆದೆ. ಕಣ್ಣು ತೆರೆದು ನೋಡಿದೆ.

“ಏನ್ ಬಂತು?”

ಮನೆಯಲ್ಲಿ ಇನ್ನಾರೂ ಎದ್ದಿರಲಿಲ್ಲ. ನನ್ನ ಕೈಯಲ್ಲಿರುವುದನ್ನು ನೋಡುವವರು ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ.

“ಗುಲಾಮ, ಆಯಿ.”

ಆಯಿ ಆಟವನ್ನು ಅಲ್ಲಿಗೇ ಬಿಟ್ಟು, ಕೈಯಲ್ಲಿದ್ದ ಎಲೆ ಕೆಳಗೆ ಹಾಕಿ, ತಡಕಾಡಿ ನನ್ನ ಮುಖ ಹುಡುಕಿ ಗಲ್ಲ ಹಿಡಿದಳು.

“ಹಂಚವ್ವಾ,” ಎಂದಳು. “ಇನ್ನೊಂದು ಆಡೂಣು.”